ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಶಿರಾಜ್ ದ್ರಾಕ್ಷಿಯ ಗುಣ, ಹುಟ್ಟು, ಬೆಳೆ

ಕೆಂಪು ವೈನ್‌ಗೆ ಬಳಸುವ ಶಿರಾಜ್ ದ್ರಾಕ್ಷಿಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಫ್ರಾನ್ಸ್‌ನಲ್ಲಿ ಇದನ್ನೇ ಸಿರಾ ಎನ್ನುತ್ತಾರೆ. ಬಾಟಲಿಯ ಮೇಲೆ ಸಿರಾ ಎಂದಿರಲಿ, ಶಿರಾಜ್ ಎಂದಿರಲಿ, ಬಳ್ಳಿ ಒಂದೇ.

ಶಿರಾಜ್ ದ್ರಾಕ್ಷಿ ಇರಾನಿನ ಶಿರಾಜ್ ನಗರದಿಂದ ಬಂದದ್ದು ಎಂದು ಓದಿದ್ದೇನೆ. ನಿಜವೇ?
— ಆರ್.ಕೆ., ಬೆಂಗಳೂರು

ಇಲ್ಲ. ಶಿರಾಜ್ ನಗರಕ್ಕೆ ವೈನ್‌ನ ವಿಷಯದಲ್ಲಿ ಹಳೆಯ ಹೆಸರಿರುವುದು ನಿಜ. ಆದರೆ ಈ ಬಳ್ಳಿಗೂ ಆ ಊರಿಗೂ ನಂಟಿಲ್ಲ. 13ನೇ ಶತಮಾನದಲ್ಲಿ ಗಾಸ್ಪಾರ್ ದ ಸ್ಟೆರಿಂಬರ್ಗ್ ಎಂಬ ಯೋಧನೊಬ್ಬ ಕ್ರುಸೇಡ್ ಯುದ್ಧದಿಂದ ಮರಳಿ, ರೋನ್ ನದಿಯ ದಂಡೆಯ ಗುಡ್ಡದ ಮೇಲೆ ಸನ್ಯಾಸಿಯಂತೆ ನೆಲೆಸಿ, ಪರ್ಷಿಯಾದಿಂದ ತಂದ ಬಳ್ಳಿಯನ್ನು ಅಲ್ಲಿ ನೆಟ್ಟ ಎಂಬ ಐತಿಹ್ಯವಿದೆ. ಇಟಲಿಯ ಸಿರಕ್ಯೂಸ್‌ನಿಂದ ಬಂತು ಎನ್ನುವವರೂ ಇದ್ದರು.

1998ರಲ್ಲಿ ಈ ಚರ್ಚೆ ಮುಗಿಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಕ್ಯಾರೊಲ್ ಮೆರೆಡಿತ್ ಮತ್ತು ಫ್ರಾನ್ಸ್‌ನ ಮೊಂಪೆಲಿಯೆ ನಗರದ ತಜ್ಞರು ಒಟ್ಟಾಗಿ ಡಿಎನ್‌ಎ ಪರೀಕ್ಷೆ ಮಾಡಿ ಇದರ ತಂದೆತಾಯಿಯನ್ನು ಪತ್ತೆ ಹಚ್ಚಿದರು. ತಾಯಿ ಮೊಂಡ್ಯೂಸ್ ಬ್ಲಾಂಶ್, ಆಲ್ಪ್ಸ್ ತಪ್ಪಲಿನ ಸವೋಯ್ ಪ್ರದೇಶದ ಬಿಳಿ ದ್ರಾಕ್ಷಿ. ತಂದೆ ಡ್ಯೂರೆಜಾ, ರೋನ್ ನದಿಯ ಪಶ್ಚಿಮಕ್ಕಿರುವ ಆರ್ದೆಶ್ ಪ್ರದೇಶದ ಕಪ್ಪು ದ್ರಾಕ್ಷಿ. ಎರಡೂ ಹೊರಗಿನವರಿಗೆ ಹೆಸರೇ ಗೊತ್ತಿರದ ತಳಿಗಳು. ಅವುಗಳ ತಾನಾದ ಸಂಕರದಿಂದ ಆಗ್ನೇಯ ಫ್ರಾನ್ಸ್‌ನಲ್ಲೇ ಈ ಬಳ್ಳಿ ಹುಟ್ಟಿತು. ಇಷ್ಟು ಕಡುಬಣ್ಣದ ವೈನ್ ಕೊಡುವ ದ್ರಾಕ್ಷಿಯ ತಾಯಿ ಬಿಳಿ ದ್ರಾಕ್ಷಿ ಎಂಬುದು ಪರಂಪರೆಯ ಯಾವ ಕಥೆಗಿಂತಲೂ ಸ್ವಾರಸ್ಯದ ಸಂಗತಿ.

ಆ ಸನ್ಯಾಸಿಯ ಗುಡ್ಡವಂತೂ ಇಂದಿಗೂ ಇದೆ. ಹರ್ಮಿಟೇಜ್ ಎಂದು ಅದರ ಹೆಸರು. ಇಡೀ ತೋಟ ಸೇರಿದರೂ ಸುಮಾರು 340 ಎಕರೆ ಅಷ್ಟೆ. ಪಶ್ಚಿಮ ಭಾಗದಲ್ಲಿ ಗ್ರಾನೈಟ್ ಮಣ್ಣು, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. 18 ಮತ್ತು 19ನೇ ಶತಮಾನಗಳಲ್ಲಿ ಬೋರ್ಡೋ ವರ್ತಕರು ತಮ್ಮ ತೆಳುವಾದ ವೈನ್‌ಗೆ ಬಣ್ಣ, ಕಸುವು ಬರಲೆಂದು ಹರ್ಮಿಟೇಜ್ ವೈನ್ ತರಿಸಿ ಬೆರೆಸುತ್ತಿದ್ದರು. ಬೆರೆಸಿದ್ದಕ್ಕೆ ಹೆಚ್ಚಿನ ಬೆಲೆಯೂ ಸಿಗುತ್ತಿತ್ತು. ಗುಡ್ಡದ ಉತ್ತರಕ್ಕೆ ಅದೇ ನದಿಯ ಇನ್ನೊಂದು ದಂಡೆಯಲ್ಲಿರುವ ಕೋಟ್ ರೋಟಿಯಲ್ಲಿ ವಿಯೋನ್ಯೇ ಎಂಬ ಬಿಳಿ ದ್ರಾಕ್ಷಿಯನ್ನು ಶೇ 20ರವರೆಗೆ ಸೇರಿಸಿ ಒಟ್ಟಿಗೇ ಹುದುಗಿಸಲು ಅನುಮತಿಯಿದೆ. ದಕ್ಷಿಣದ ಕೊರ್ನಾಸ್‌ನಲ್ಲಿ ಹಾಗಿಲ್ಲ, ಅಲ್ಲಿ ಬರೀ ಸಿರಾ. ಈ ದ್ರಾಕ್ಷಿ ಒಂಟಿಯಾಗಿ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಕೊರ್ನಾಸ್ ವೈನ್ ಕುಡಿಯಬೇಕು.

ನಮ್ಮದು ಕಾಫಿ, ಮೆಣಸಿನ ತೋಟ. ಶಿರಾಜ್ ವೈನ್ ಮೂಸಿದರೆ ಕಾಳುಮೆಣಸಿನ ವಾಸನೆ ಬರುತ್ತದೆ. ಮೆಣಸು ಹಾಕಿರುತ್ತಾರೆಯೇ? ನನ್ನ ಪತಿಗೆ ಆ ವಾಸನೆ ಗೊತ್ತೇ ಆಗುವುದಿಲ್ಲ.
— ಎಂ.ಪಿ., ಸಕಲೇಶಪುರ

ಏನೂ ಹಾಕಿರುವುದಿಲ್ಲ. ನಿಮ್ಮ ತೋಟದ ಮೆಣಸಿನಲ್ಲಿರುವ ಒಂದು ಪರಿಮಳ ದ್ರವ್ಯವೇ ಶಿರಾಜ್ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ. ಅದರ ಹೆಸರು ರೊಟಂಡೋನ್. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಒಂದು ಲೀಟರ್ ಕೆಂಪು ವೈನ್‌ನಲ್ಲಿ ಬರೀ 16 ನ್ಯಾನೊಗ್ರಾಂ ಇದ್ದರೂ ಮೂಗಿಗೆ ತಿಳಿಯುತ್ತದೆ. ಒಂದು ಗ್ರಾಂನ ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ ಒಂದು ನ್ಯಾನೊಗ್ರಾಂ.

ನಿಮ್ಮ ಪತಿಯ ಮೂಗಿನಲ್ಲಿ ದೋಷವಿಲ್ಲ. ಅದೇ ಅಧ್ಯಯನದಲ್ಲಿ ಐವರಲ್ಲಿ ಒಬ್ಬರಿಗೆ, ಪ್ರಮಾಣವನ್ನು ಎಷ್ಟೋ ಪಟ್ಟು ಏರಿಸಿದರೂ ರೊಟಂಡೋನ್ ವಾಸನೆ ತಿಳಿಯಲಿಲ್ಲ. ಹಾಗಿದ್ದೂ ಅವರಿಗೆ ಒಗ್ಗರಣೆಗೆ ಹಾಕಿದ ಮೆಣಸಿನ ವಾಸನೆ ಬರುತ್ತದೆ. ಏಕೆಂದರೆ ಮೆಣಸಿನಲ್ಲಿ ಪೈನೀನ್, ಲಿಮೊನೀನ್‌ನಂಥ ಬೇರೆ ಪರಿಮಳಗಳೂ ಇವೆ. ವೈನ್‌ನಲ್ಲಿರುವುದು ರೊಟಂಡೋನ್ ಒಂದೇ. ನೀವಿಬ್ಬರೂ ಒಂದೇ ಲೋಟದಿಂದ ಕುಡಿದರೂ ಇಬ್ಬರಿಗೆ ಎರಡು ಬಗೆಯ ವೈನ್.

ಎಲ್ಲ ಶಿರಾಜ್‌ನಲ್ಲೂ ಈ ವಾಸನೆ ಸಮನಾಗಿರುವುದಿಲ್ಲ. ಹಣ್ಣಾಗುವ ವಾರಗಳಲ್ಲಿ ಗೊಂಚಲಿನ ಉಷ್ಣಾಂಶ 25 ಡಿಗ್ರಿ ದಾಟಿದ ಗಂಟೆಗಳು ಹೆಚ್ಚಿದಷ್ಟೂ ರೊಟಂಡೋನ್ ಕಡಿಮೆಯಾಗುತ್ತದೆ. ಉತ್ತರ ರೋನ್, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ತಂಪು ತೋಟಗಳ ವೈನ್‌ನಲ್ಲಿ ಮೆಣಸು ಮುಂದೆ ನಿಲ್ಲುತ್ತದೆ. ಬಿಸಿಲು ಹೆಚ್ಚಿರುವ, ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಬರೋಸಾ ಕಣಿವೆಯಲ್ಲಿ ಕಪ್ಪು ಹಣ್ಣು, ಚಾಕೊಲೇಟ್, ಅತಿಮಧುರದ ಕಡೆಗೆ ವಾಲುತ್ತದೆ. ನಂದಿಬೆಟ್ಟದ ಸುತ್ತಲಿನ ತೋಟಗಳು ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿವೆ. ರಾತ್ರಿ ತಂಪು ಇದ್ದರೂ ಫೆಬ್ರುವರಿ–ಮಾರ್ಚ್‌ನ ಹಗಲಿನ ಬಿಸಿಲು ಜೋರು. ಆದ್ದರಿಂದ ಇಲ್ಲಿಯ ಶಿರಾಜ್‌ನಲ್ಲಿ ಮೆಣಸಿಗಿಂತ ಹಣ್ಣಿನ ವಾಸನೆಯೇ ಮೇಲಾಗುವುದು ಸಹಜ.

ಎರಡು ಎಕರೆ ಬೆಂಗಳೂರು ಬ್ಲೂ ಇದೆ, ಚಪ್ಪರದ ಮೇಲೆ. ಅದನ್ನು ತೆಗೆದು ಶಿರಾಜ್ ಹಾಕಬೇಕೆಂದಿದ್ದೇನೆ. ಏನೇನು ಗಮನಿಸಬೇಕು? ಒಮ್ಮೆ ಹಾಕಿದವರು ಹಣ್ಣು ಸುಕ್ಕಾಗುತ್ತದೆ ಎಂದು ಹೆದರಿಸುತ್ತಾರೆ.
— ಒಬ್ಬ ರೈತರು, ದೊಡ್ಡಬಳ್ಳಾಪುರ

ಮೊದಲು ಕೊಳ್ಳುವವರನ್ನು ನೋಡಿಕೊಳ್ಳಿ, ಆಮೇಲೆ ಗುಂಡಿ ತೆಗೆಯಿರಿ. ಬೆಂಗಳೂರು ಬ್ಲೂ ಜ್ಯೂಸ್‌ಗೂ ಹೋಗುತ್ತದೆ, ಸಂತೆಗೂ ಹೋಗುತ್ತದೆ. ಶಿರಾಜ್ ಕಾಯಿ ಸಣ್ಣದು, ಬೀಜ ಇದೆ, ಸಿಪ್ಪೆ ಒಗರು. ವೈನರಿ ಬಿಟ್ಟರೆ ಬೇರೆ ಗಿರಾಕಿಯೇ ಇಲ್ಲ. ಬೆಲೆ, ಬ್ರಿಕ್ಸ್ (ರಸದ ಸಕ್ಕರೆಯ ಅಳತೆ) ಮಿತಿ, ಕೊಯ್ಲಿನ ದಿನ ಯಾರು ನಿರ್ಧರಿಸಬೇಕು ಎಂಬ ಮೂರನ್ನೂ ಕರಾರಿನಲ್ಲಿ ಬರೆಸಿಕೊಳ್ಳದೆ ನೆಡಬೇಡಿ. ಮೂರನೆಯದನ್ನು ಬಿಟ್ಟವರೇ ಹೆಚ್ಚು ನಷ್ಟ ಅನುಭವಿಸುವುದು. ಕಾರಣ ಮುಂದೆ ಹೇಳುತ್ತೇವೆ.

ಹಳೆಯ ಚಪ್ಪರಕ್ಕೇ ಶಿರಾಜ್ ಹಬ್ಬಿಸಬೇಡಿ. ಚಪ್ಪರದಲ್ಲಿ ಎಲೆಯ ನೆರಳು ದಟ್ಟವಾಗಿ ಸಿಪ್ಪೆಗೆ ಬಣ್ಣ ಕೂರುವುದಿಲ್ಲ. ಸಿಪ್ಪೆ ಕೆಟ್ಟರೆ ಈ ಬೆಳೆಯಲ್ಲಿ ಉಳಿಯುವುದೇನೂ ಇಲ್ಲ. ನೇರ ತಂತಿ ಬೇಲಿ ಅಥವಾ ವೈ ಆಕಾರದ ಕಂಬ ಹಾಕಿ, ಸಾಲಿನಿಂದ ಸಾಲಿಗೆ 8ರಿಂದ 9 ಅಡಿ, ಗಿಡದಿಂದ ಗಿಡಕ್ಕೆ 4ರಿಂದ 5 ಅಡಿ ಬಿಡಿ. ಸಾಲು ಉತ್ತರ–ದಕ್ಷಿಣವಾಗಿರಲಿ. ಶಿರಾಜ್ ಕುಡಿಗಳು ಉದ್ದಕ್ಕೆ ಬೆಳೆದು ಜೋತು ಬೀಳುತ್ತವೆ, ಗಾಳಿಗೆ ಬುಡದಲ್ಲೇ ಮುರಿಯುತ್ತವೆ. ಹಾಗಾಗಿ ಕುಡಿ ಒಂದೂವರೆ ಅಡಿ ಆಗುವ ಮೊದಲೇ ಜೋಡಿ ತಂತಿಯ ನಡುವೆ ಸೇರಿಸಿ. ತಂತಿಯ ಮೇಲೆ ಮಲಗಿಸಿದ ತೋಳಿನ (ಕೊಂಬೆಯ) ಒಂದು ಮೀಟರ್‌ಗೆ 12ರಿಂದ 15 ಕುಡಿ ಸಾಕು, ಉಳಿದದ್ದನ್ನು ಚಿವುಟಿ. ಎಲೆ ಬಿಡಿಸುವುದಿದ್ದರೆ ಬೆಳಗಿನ ಬಿಸಿಲು ಬೀಳುವ ಪೂರ್ವದ ಬದಿಯಲ್ಲಿ ಮಾತ್ರ. ಪಶ್ಚಿಮದ ಎಲೆ ಗೊಂಚಲಿಗೆ ಕೊಡೆಯಿದ್ದಂತೆ, ಅದನ್ನು ಮುಟ್ಟಬೇಡಿ.

ನೀರು ಕಡಿಮೆ, ಉಪ್ಪಿನ ಅಂಶ ಹೆಚ್ಚು ಇರುವ ಕಡೆ ಬೇರುಗಿಡದ ಮೇಲೆ ಕಸಿ ಕಟ್ಟಿದ ಸಸಿಯೇ ಬೇಕು. ಟೇಬಲ್ ದ್ರಾಕ್ಷಿಗೆ ಎಲ್ಲರೂ ಬಳಸುವ ಡಾಗ್ರಿಜ್ ಎಂಬ ಬೇರುಗಿಡ ಬಳ್ಳಿಗೆ ವಿಪರೀತ ಸೊಕ್ಕು ಕೊಡುತ್ತದೆ. ಮೊದಲೇ ಹಬ್ಬುವ ಜಾತಿಯಾದ ಶಿರಾಜ್‌ಗೆ 110ಆರ್ ಎಂಬ ಬೇರುಗಿಡ ಒಳ್ಳೆಯದು. ಸಸಿ ತರುವಾಗ ಕ್ಲೋನ್ (ಒಂದೇ ತಾಯಿ ಬಳ್ಳಿಯ ಕಡ್ಡಿಯಿಂದ ಬೆಳೆಸಿದ ಬಗೆ) ನಂಬರ್ ಕೇಳಿ. ದಕ್ಷಿಣ ಫ್ರಾನ್ಸ್‌ನಲ್ಲಿ 1990ರ ದಶಕದಿಂದ ಸಿರಾ ಬಳ್ಳಿಗಳು ಕಸಿ ಕಟ್ಟಿದ ಜಾಗದಲ್ಲಿ ಊದಿಕೊಂಡು, ಸೀಳು ಬಿಟ್ಟು, ಎಲೆ ಕೆಂಪಾಗಿ ಸಾಯುವ ತೊಂದರೆ ಕಂಡುಬಂತು. ಅದು ಕ್ಲೋನ್‌ನಿಂದ ಕ್ಲೋನ್‌ಗೆ ಬಹಳ ವ್ಯತ್ಯಾಸವಾಗುತ್ತದೆ. 470 ಮತ್ತು 747 ಅದಕ್ಕೆ ಅಷ್ಟಾಗಿ ತುತ್ತಾಗದ ಕ್ಲೋನ್‌ಗಳು.

ಚಾಟನಿ, ಅಂದರೆ ಕಡ್ಡಿ ಸವರುವುದು, ನಿಮಗೆ ಗೊತ್ತಿರುವಂತೆ ಎರಡು ಬಾರಿ. ಏಪ್ರಿಲ್‌ನದು ಕಡ್ಡಿಗೆ, ಸೆಪ್ಟೆಂಬರ್–ಅಕ್ಟೋಬರ್‌ನದು ಫಸಲಿಗೆ. ಶಿರಾಜ್ ಬುಡದ ಕಣ್ಣುಗಳಲ್ಲೂ ಹೂ ಕಟ್ಟುತ್ತದೆ, ಎರಡು–ಮೂರು ಕಣ್ಣು ಬಿಟ್ಟು ಸವರಿದರೂ ಗೊಂಚಲು ಬರುತ್ತದೆ. ಫಸಲಿನ ಚಾಟನಿ ಆಗಿ ಸುಮಾರು 35–40 ದಿನಕ್ಕೆ ಹೂವು. ಆಗ ಹಿಂಗಾರು ಮಳೆ ಹಿಡಿದರೆ ದಾವಣಿ ರೋಗ (ಡೌನಿ ಮಿಲ್ಡ್ಯೂ) ಗೊಂಚಲನ್ನೇ ತಿನ್ನುತ್ತದೆ. ಮಳೆಯ ಮುನ್ಸೂಚನೆ ನೋಡಿ ಚಾಟನಿಯ ದಿನ ಹಿಂದೆಮುಂದೆ ಮಾಡುವುದೇ ಔಷಧಿಗಿಂತ ಅಗ್ಗದ ರಕ್ಷಣೆ.

ಕಣ್ಣು ಒಂದೇ ಸಮನೆ ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್ ಬಗ್ಗೆ ಎಚ್ಚರವಿರಲಿ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಬಾರದು. ಅದನ್ನು ಹಚ್ಚುವ ಆಳು ಹಿಂದಿನ ಒಂದು ವಾರ, ಮುಂದಿನ ಒಂದು ವಾರ ಹನಿ ಮದ್ಯವನ್ನೂ ಕುಡಿಯಬಾರದು. ಮೈಗೆ ಸೇರಿದ ಔಷಧಿ ಮದ್ಯ ಕರಗುವುದನ್ನು ತಡೆಯುವುದರಿಂದ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ರಕ್ತದೊತ್ತಡ ಕುಸಿಯುತ್ತದೆ. ಇದನ್ನು ಕೂಲಿಯವರಿಗೆ ಬಾಯಿಬಿಟ್ಟು ಹೇಳಲೇಬೇಕು. ಡಬ್ಬದ ಮೇಲಿನ ಸಣ್ಣ ಅಕ್ಷರ ಯಾರೂ ಓದುವುದಿಲ್ಲ.

ಇನ್ನು ಸುಕ್ಕಿನ ಮಾತು. ಅದು ರೋಗವಲ್ಲ, ಶಿರಾಜ್‌ನ ಹುಟ್ಟುಗುಣ. ಹೂ ಬಿಟ್ಟು 90–100 ದಿನ ಆಗುವಾಗ ಕಾಯಿಯೊಳಗಿನ ಜೀವಕೋಶಗಳು ಸಾಯತೊಡಗುತ್ತವೆ, ಒಳಗೆ ಬರುವ ನೀರಿಗಿಂತ ಹೊರಗೆ ಹೋಗುವುದು ಹೆಚ್ಚಾಗುತ್ತದೆ, ಕಾಯಿ ಮೆತ್ತಗಾಗಿ ಸುಕ್ಕುತ್ತದೆ. ಆ ಹಂತದಲ್ಲಿ ಬ್ರಿಕ್ಸ್ ಏರುತ್ತಿದ್ದರೆ ಸಕ್ಕರೆ ಕೂಡುತ್ತಿದೆ ಎಂದಲ್ಲ, ನೀರು ಆರುತ್ತಿದೆ ಎಂದರ್ಥ. ತಕ್ಕಡಿಯಲ್ಲಿ ಕಳೆಯುವ ತೂಕದ ನಷ್ಟ ನಿಮ್ಮದು, ಗಟ್ಟಿಯಾದ ರಸದ ಲಾಭ ವೈನರಿಯದು. ಕೊಯ್ಲಿನ ದಿನ ಕರಾರಿನಲ್ಲಿರಲಿ ಎಂದದ್ದು ಇದಕ್ಕೇ.

ತಿಳಿಯುವ ದಾರಿ ಸುಲಭ. ಕಾಯಿ ಬಣ್ಣ ತಿರುಗಿದ ಮೂರನೇ ವಾರದಿಂದ, ವಾರಕ್ಕೊಮ್ಮೆ ಬೆಳಿಗ್ಗೆ ಸಾಲಿನ ಎರಡೂ ಬದಿಯಿಂದ, ಗೊಂಚಲಿನ ಭುಜ, ನಡು, ತುದಿಯಿಂದ ಒಟ್ಟು 100 ಕಾಯಿ ಬಿಡಿಸಿ ತೂಗಿ. ತೂಕವನ್ನೂ ಬ್ರಿಕ್ಸನ್ನೂ ಒಂದೇ ಪುಟದಲ್ಲಿ ಬರೆದಿಡಿ. ತೂಕ ನಿಂತಲ್ಲೇ ನಿಂತರೆ ದಿನ ಬಿಟ್ಟು ದಿನ ನೋಡಿ. 130 ಗ್ರಾಂ ಇದ್ದದ್ದು 117ಕ್ಕೆ ಇಳಿಯಿತೆಂದರೆ ಎಕರೆಗೆ ಹತ್ತರಲ್ಲಿ ಒಂದು ಪಾಲು ಗಾಳಿಗೆ ಹೋಯಿತು. 23.5ರಿಂದ 24.5 ಬ್ರಿಕ್ಸ್, ಪಿಎಚ್ 3.5ರ ಆಸುಪಾಸು, ಬೀಜ ಹಸಿರು ಬಿಟ್ಟು ಕಂದು — ಈ ಮೂರು ಕೂಡಿದಾಗ ಕೊಯ್ಯಿರಿ. ಎಕರೆಗೆ ಮೂರರಿಂದ ನಾಲ್ಕು ಟನ್ ತೆಗೆದರೆ ಗುಣ ಉಳಿಯುತ್ತದೆ. ಬೆಂಗಳೂರು ಬ್ಲೂನ ಇಳುವರಿ ಇದರಿಂದ ನಿರೀಕ್ಷಿಸಬೇಡಿ. ಕರಾರಿನ ಬೆಲೆ ಆ ಕೊರತೆಯನ್ನು ತುಂಬದಿದ್ದರೆ ಹಳೆಯ ಚಪ್ಪರವನ್ನು ಉಳಿಸಿಕೊಳ್ಳುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ.

ತೋಟಗಾರಿಕೆ ವಿದ್ಯಾರ್ಥಿ. ಕಾಲೇಜಿನ ಪ್ರಾಯೋಗಿಕ ಘಟಕದಲ್ಲಿ ಶಿರಾಜ್ ಹುದುಗಲು ಇಟ್ಟಿದ್ದೆವು. ಐದನೇ ದಿನಕ್ಕೆ ಕೊಳೆತ ಮೊಟ್ಟೆಯ ವಾಸನೆ ಬಂತು. ಪಕ್ಕದ ತೊಟ್ಟಿಯ ಬಿಳಿ ವೈನ್‌ಗೆ ಹಾಗೇನೂ ಆಗಲಿಲ್ಲ. ಏಕೆ?
— ಎಸ್.ಬಿ., ಬಾಗಲಕೋಟೆ

ಆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು. ಶಿರಾಜ್‌ಗೆ ಈ ಚಾಳಿ ಬೇರೆ ದ್ರಾಕ್ಷಿಗಳಿಗಿಂತ ಹೆಚ್ಚು ಎಂಬುದು ವೈನ್ ಮಾಡುವವರೆಲ್ಲ ಬಲ್ಲ ಮಾತು. ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು.

ಮೊದಲನೆಯದು ತೋಟದಲ್ಲಿದೆ. ಬೂದಿ ರೋಗಕ್ಕೆ ಗಂಧಕ ಸಿಂಪಡಿಸಿ, ಕೊಯ್ಲಿಗೆ ಐದು ವಾರವಾದರೂ ಮೊದಲು ನಿಲ್ಲಿಸದಿದ್ದರೆ ಉಳಿಕೆ ಸಿಪ್ಪೆಯ ಮೇಲೆ ಕೂತಿರುತ್ತದೆ. ಬಿಳಿ ವೈನ್‌ನಲ್ಲಿ ಸಿಪ್ಪೆ ತೆಗೆದು ರಸವನ್ನಷ್ಟೇ ಹುದುಗಿಸುತ್ತೇವೆ. ಕೆಂಪಿನಲ್ಲಿ ಸಿಪ್ಪೆ ಸಮೇತ ಇಡುತ್ತೇವೆ. ಯೀಸ್ಟ್ ಆ ಗಂಧಕವನ್ನೇ ಹೈಡ್ರೋಜನ್ ಸಲ್ಫೈಡ್ ಮಾಡುತ್ತದೆ. ನಿಮ್ಮ ಎರಡು ತೊಟ್ಟಿಗಳ ವ್ಯತ್ಯಾಸಕ್ಕೆ ಇದೇ ಕಾರಣವಿರಬಹುದು, ಸಿಂಪಡಣೆಯ ದಾಖಲೆ ತೆಗೆದು ನೋಡಿ.

ಎರಡನೆಯದು ಯೀಸ್ಟ್‌ನ ಹಸಿವು. ರಸದಲ್ಲಿ ಯೀಸ್ಟ್‌ಗೆ ದಕ್ಕುವ ಸಾರಜನಕ ಲೀಟರ್‌ಗೆ 150 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅದು ಪ್ರೋಟೀನ್ ಕಟ್ಟಲಾಗದೆ ಸಲ್ಫೈಡ್ ಹೊರಬಿಡುತ್ತದೆ. 24 ಬ್ರಿಕ್ಸ್ ರಸಕ್ಕೆ 200 ಇದ್ದರೆ ನೆಮ್ಮದಿ. ಲೀಟರ್‌ಗೆ 100 ಮಿಲಿಗ್ರಾಂ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹಾಕಿದರೆ ಸುಮಾರು 21 ಮಿಲಿಗ್ರಾಂ ಸಾರಜನಕ ಸೇರುತ್ತದೆ. ಗೊಬ್ಬರದ ಡಿಎಪಿ ಅಲ್ಲ, ಆಹಾರ ದರ್ಜೆಯದು. ಸಕ್ಕರೆಯ ಮೂರನೇ ಒಂದು ಭಾಗ ಹುದುಗಿ ಕರಗಿದಾಗ ಹಾಕುವುದು ಸರಿಯಾದ ಹೊತ್ತು. ಮದ್ಯಾಂಶ ಶೇ 10ರ ಹತ್ತಿರ ಬಂದ ಮೇಲೆ ಹಾಕಿದರೆ ಯೀಸ್ಟ್ ಅದನ್ನು ತೆಗೆದುಕೊಳ್ಳುವುದಿಲ್ಲ, ಕೆಡಿಸುವ ಬ್ಯಾಕ್ಟೀರಿಯಾಕ್ಕೆ ಊಟವಾಗುತ್ತದೆ.

ವಾಸನೆ ಬಂದಾಗಿದ್ದರೆ ಹೀಗೆ ಮಾಡಿ. ಹುದುಗುವಿಕೆ ನಡೆಯುತ್ತಿರುವಾಗ ತಳದ ರಸವನ್ನು ತೆಗೆದು ಗಾಳಿಗೆ ಒಡ್ಡುತ್ತಾ, ಮೇಲೆ ತೇಲುವ ಸಿಪ್ಪೆಯ ಮುಚ್ಚಳದ ಮೇಲೆ ಸುರಿಯಿರಿ. ದಿನಕ್ಕೆ ಎರಡು–ಮೂರು ಸಲ ಮಾಡಿದರೆ ಹೆಚ್ಚಿನ ಪಾಲು ಹಾರಿಹೋಗುತ್ತದೆ. ಹುದುಗಿ ಮುಗಿದ ಮೇಲೂ ಉಳಿದಿದ್ದರೆ ಎರಡು ಲೋಟದಲ್ಲಿ ವೈನ್ ತೆಗೆದು, ಒಂದಕ್ಕೆ ಶೇ 1ರ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಒಂದು ಹನಿ ಬಿಟ್ಟು ಮೂಸಿ. ಮೂಸುವುದಷ್ಟೆ, ಕುಡಿಯಬಾರದು. ವಾಸನೆ ಹೋದರೆ ಅದು ಬರೀ ಸಲ್ಫೈಡ್, ತಾಮ್ರದ ಚಿಕಿತ್ಸೆಗೆ ಬಗ್ಗುತ್ತದೆ. ಹೋಗದಿದ್ದರೆ ಅದಾಗಲೇ ಈರುಳ್ಳಿ, ರಬ್ಬರ್ ವಾಸನೆಯ ಗಟ್ಟಿ ಸಂಯುಕ್ತವಾಗಿ ಕೂತಿದೆ. ಮುಂದೆ ಪರಿಹಾರ ಕಷ್ಟ. ಆದ್ದರಿಂದ ಮೊದಲ ದಿನದ ವಾಸನೆಯನ್ನೇ ಹಿಡಿಯಬೇಕು.

ಉಷ್ಣಾಂಶವನ್ನೂ ಗಮನಿಸಿ. 25ರಿಂದ 28 ಡಿಗ್ರಿ ಒಳ್ಳೆಯದು. ಥರ್ಮಾಮೀಟರನ್ನು ರಸದಲ್ಲಿ ಮಾತ್ರವಲ್ಲ, ಸಿಪ್ಪೆಯ ಮುಚ್ಚಳದ ನಡುವೆಯೂ ಚುಚ್ಚಿ ನೋಡಿ. ಅಲ್ಲಿ ಹಲವು ಡಿಗ್ರಿ ಹೆಚ್ಚಿರುತ್ತದೆ. ಬಣ್ಣ ಮೊದಲ ನಾಲ್ಕೈದು ದಿನದಲ್ಲೇ ಇಳಿದು ತುತ್ತತುದಿ ಮುಟ್ಟುತ್ತದೆ. ಅನಂತರ ಇಳಿಯುವುದು ಒಗರು, ಅದರಲ್ಲೂ ಬೀಜದ್ದು. ಬಣ್ಣ ಬರಲೆಂದು ಸಿಪ್ಪೆಯನ್ನು ಮೂರು ವಾರ ಬಿಡುವುದರಲ್ಲಿ ಅರ್ಥವಿಲ್ಲ.

ಈ ಉತ್ತರ ಓದಿ ಮನೆಯಲ್ಲಿ ಪ್ರಯತ್ನಿಸಲು ಹೊರಡುವವರಿಗೆ ಒಂದು ಮಾತು: ಪರವಾನಗಿ ಇಲ್ಲದೆ ವೈನ್ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ.

ಮಗಳ ಮನೆ ಅಡಿಲೇಡ್‌ನಲ್ಲಿ. ಹತ್ತಿರದ ಬರೋಸಾದಲ್ಲಿ 180 ವರ್ಷದ ಶಿರಾಜ್ ಬಳ್ಳಿ ಇದೆಯಂತೆ. ಫ್ರಾನ್ಸ್‌ನಲ್ಲಿ ಹುಟ್ಟಿದ ಬಳ್ಳಿಯ ಅತಿ ಹಳೆಯ ತೋಟ ಆಸ್ಟ್ರೇಲಿಯಾದಲ್ಲಿ ಹೇಗೆ?
— ವಿ.ಆರ್., ಶಿವಮೊಗ್ಗ

ಫಿಲಾಕ್ಸೆರಾ ಎಂಬ ಬೇರು ಹೇನಿನಿಂದಾಗಿ. ಸ್ಕಾಟ್ಲೆಂಡ್ ಮೂಲದ ಜೇಮ್ಸ್ ಬಸ್ಬಿ 1831ರಲ್ಲಿ ಸ್ಪೇನ್, ಫ್ರಾನ್ಸ್ ಸುತ್ತಿ ನೂರಾರು ತಳಿಗಳ ಕಡ್ಡಿ ಸಂಗ್ರಹಿಸಿ ಸಿಡ್ನಿಗೆ ತಲುಪಿಸಿದರು. ಅವುಗಳಲ್ಲಿ ಹರ್ಮಿಟೇಜ್ ಗುಡ್ಡದ ಸಿರಾ ಕೂಡ ಇತ್ತು. ಬರೋಸಾದ ಟನುಂಡಾದಲ್ಲಿ 1843ರಲ್ಲಿ ನೆಟ್ಟದ್ದೆಂದು ಹೇಳುವ ಸಾಲುಗಳು ಇಂದಿಗೂ ಫಲ ಕೊಡುತ್ತಿವೆ. ಇತ್ತ 1860ರ ದಶಕದಲ್ಲಿ ಅಮೆರಿಕದಿಂದ ಬಂದ ಹೇನು ಫ್ರಾನ್ಸ್‌ನ ತೋಟಗಳನ್ನು ಬುಡಸಮೇತ ಅಳಿಸಿತು. ಆಮೇಲೆ ಅಲ್ಲಿ ನೆಟ್ಟದ್ದೆಲ್ಲ ಅಮೆರಿಕದ ಬೇರುಗಿಡದ ಮೇಲಿನ ಕಸಿ. ಆಸ್ಟ್ರೇಲಿಯಾದ ವಿಕ್ಟೋರಿಯಾಕ್ಕೂ 1877ರಲ್ಲಿ ಹೇನು ಬಂತು. ಆದರೆ ದಕ್ಷಿಣ ಆಸ್ಟ್ರೇಲಿಯಾ ಕಟ್ಟುನಿಟ್ಟಿನ ದಿಗ್ಬಂಧನದಿಂದ ಅದನ್ನು ಹೊರಗಿಟ್ಟಿದೆ. ಅಲ್ಲಿಯ ಹಳೆಯ ಬಳ್ಳಿಗಳು ಸ್ವಂತ ಬೇರಿನ ಮೇಲೆ ನಿಂತಿವೆ.

ಹೇನಿನಿಂದ ಉಳಿದದ್ದನ್ನು ಸರ್ಕಾರವೇ ಕೀಳಿಸಿದ್ದು ದುಃಖದ ಸಂಗತಿ. 1980ರ ದಶಕದ ಮಧ್ಯದಲ್ಲಿ ಕೆಂಪು ದ್ರಾಕ್ಷಿಗೆ ಬೇಡಿಕೆ ಕುಸಿದಾಗ ರೈತರಿಗೆ ಹಣ ಕೊಟ್ಟು ಹಳೆಯ ಶಿರಾಜ್ ತೋಟಗಳನ್ನು ತೆಗೆಸಲಾಯಿತು. ಆ ನೆಲದ ಶಿರಾಜ್ ಎಷ್ಟು ಕಾಲ ಬಾಳಬಲ್ಲದು ಎಂದು ಅಲ್ಲಿಯ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್ 1951ರಲ್ಲೇ ಗ್ರೇಂಜ್ ವೈನ್ ಮಾಡಿ ತೋರಿಸಿದ್ದರು. 2009ರಲ್ಲಿ ಬರೋಸಾದವರು ಬಳ್ಳಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸುವ ಪದ್ಧತಿ ತಂದರು: 35, 70, 100, 125 ವರ್ಷ ದಾಟಿದವುಗಳಿಗೆ ಬೇರೆಬೇರೆ ಹೆಸರು.

ನೀವು ಹೋದಾಗ ಅನುಮತಿಯಿಲ್ಲದೆ ಸಾಲಿನೊಳಗೆ ಕಾಲಿಡಬೇಡಿ. ಹೇನು ಚಪ್ಪಲಿಗೆ ಅಂಟಿದ ಮಣ್ಣಿನಲ್ಲೂ ಪ್ರಯಾಣ ಮಾಡುತ್ತದೆ. ಪಾದರಕ್ಷೆಯನ್ನು ಸ್ವಚ್ಛ ಮಾಡಿಸಿಯೇ ಒಳಗೆ ಬಿಡುವ ತೋಟಗಳಿವೆ, ಬೇಸರಪಟ್ಟುಕೊಳ್ಳಬೇಡಿ.

ಶಿರಾಜ್ ಕುಡಿದರೆ ಗಂಟಲು ಉರಿಯುತ್ತದೆ, ನಾಲಿಗೆ ಒಣಗುತ್ತದೆ. ನಮ್ಮ ಊಟದ ಜೊತೆ ಹೊಂದಿಸುವುದು ಹೇಗೆ? ತೆರೆದ ಬಾಟಲಿ ಎಷ್ಟು ದಿನ ಇಡಬಹುದು?
— ಎನ್.ಎಸ್., ಮೈಸೂರು

ಬಹುಶಃ ನೀವು ಬಿಸಿ ವೈನ್ ಕುಡಿಯುತ್ತಿದ್ದೀರಿ. ಕೆಂಪು ವೈನ್ ಕೋಣೆಯ ಉಷ್ಣಾಂಶದಲ್ಲಿರಲಿ ಎಂಬ ಮಾತು ಯುರೋಪಿನ ತಣ್ಣನೆಯ ಕಲ್ಲುಮನೆಗಳದ್ದು. ಏಪ್ರಿಲ್‌ನ ಮೈಸೂರಿನ ಕೋಣೆಯಲ್ಲಿ 28 ಡಿಗ್ರಿ ಇರುತ್ತದೆ. ಶೇ 14ರ ಮದ್ಯಾಂಶ ಆ ಬಿಸಿಯಲ್ಲಿ ಮೂಗು, ಗಂಟಲು ಸುಡುತ್ತದೆ. 16ರಿಂದ 18 ಡಿಗ್ರಿಗೆ ಇಳಿಸಿ: ಫ್ರಿಜ್‌ನಲ್ಲಿ ಒಂದು ಗಂಟೆ, ಇಲ್ಲವೇ ಐಸ್ ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ. ತೀರಾ ತಣ್ಣಗಾದರೆ ಒಗರು ಮೇಲೇಳುತ್ತದೆ.

ನಾಲಿಗೆ ಒಣಗಿಸುವುದು ಟ್ಯಾನಿನ್. ಅದು ಎಂಜಲಿನ ಪ್ರೋಟೀನನ್ನು ಹಿಡಿದು ಜಾರುತನ ಕಳೆಯುತ್ತದೆ. ಊಟದಲ್ಲಿ ಮಾಂಸವೋ ಕೊಬ್ಬೋ ಇದ್ದರೆ ಅದನ್ನೇ ಹಿಡಿದುಕೊಂಡು ನಿಮ್ಮ ನಾಲಿಗೆಯನ್ನು ಬಿಡುತ್ತದೆ. ಕೊಡಗಿನ ಪಂದಿ ಕರಿಗಿಂತ ಒಳ್ಳೆಯ ಜೊತೆ ಹುಡುಕುವುದು ಕಷ್ಟ. ಕೊಬ್ಬು ಇದೆ, ಕಾಳುಮೆಣಸಿದೆ, ಕಾಚಂಪುಳಿಯ ಹುಳಿಯೂ ವೈನನ್ನು ಮೃದುವಾಗಿಸುತ್ತದೆ. ಮೆಣಸು ಹಾಕಿದ ಮಟನ್ ಚಾಪ್ಸ್, ಸುಟ್ಟ ಬದನೆಕಾಯಿ, ಹುರಿದ ಅಣಬೆ ಕೂಡ ಆಗುತ್ತವೆ. ಒಣಮೆಣಸಿನಕಾಯಿ ಖಾರ ಜೋರಾದ ಸಾರು ಬೇಡ. ಮದ್ಯವೂ ಖಾರವೂ ಬಾಯಲ್ಲಿ ಒಂದೇ ನರತುದಿಯನ್ನು ಕೆಣಕುತ್ತವೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನೂ ಬೇಡ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನೆಣ್ಣೆಗೆ ತಾಗಿ ಬಾಯಲ್ಲಿ ಮೀನಿನ ನಾತ ಉಳಿಯುತ್ತದೆ.

ತೆರೆದ ಬಾಟಲಿಯನ್ನು ಬಿರಡೆ ಹಾಕಿ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೂರು–ನಾಲ್ಕು ದಿನ ಚೆನ್ನಾಗಿರುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿಸಿಡಿ, ಗಾಳಿ ಕಡಿಮೆಯಾಗುತ್ತದೆ.

ಪೆಟೀಟ್ ಸಿರಾ ಎಂದರೆ ಸಣ್ಣ ಕಾಯಿಯ ಸಿರಾವೇ?
— ಜಿ.ಎಚ್., ಹುಬ್ಬಳ್ಳಿ

ಅಲ್ಲ, ಸಿರಾದ ಮಗು. 1880ರ ಸುಮಾರಿಗೆ ಫ್ರಾನ್ಸ್‌ನ ಸಸ್ಯತಜ್ಞ ಫ್ರಾಂಸ್ವಾ ಡ್ಯೂರಿಫ್ ಅವರ ತೋಟದಲ್ಲಿ ಪೆಲೂರ್ಸಿನ್ ಎಂಬ ಬಳ್ಳಿಗೆ ಸಿರಾದ ಪರಾಗ ತಾಗಿ ಹುಟ್ಟಿದ್ದು. ಅವರ ಹೆಸರಿನಲ್ಲಿ ಡ್ಯೂರಿಫ್ ಎಂದೂ ಕರೆಯುತ್ತಾರೆ. ಹುಟ್ಟಿದೂರಿನಲ್ಲಿ ಬೆಳೆಯುವವರು ಇಲ್ಲವೆನ್ನುವಷ್ಟು ಕಡಿಮೆ, ಕ್ಯಾಲಿಫೋರ್ನಿಯಾ ಮತ್ತು ವಿಕ್ಟೋರಿಯಾದ ರುದರ್‌ಗ್ಲೆನ್‌ನಲ್ಲಿ ಗಟ್ಟಿಯಾಗಿ ಬೇರೂರಿದೆ. ಬಣ್ಣದಲ್ಲೂ ಒಗರಿನಲ್ಲೂ ಸಿರಾವನ್ನು ಮೀರಿಸುತ್ತದೆ, ಆದರೆ ಆ ಮೆಣಸಿನ ನಯ ಇದಕ್ಕೆ ಕಡಿಮೆ. ಗೊಂಚಲು ತೀರಾ ಒತ್ತಾಗಿರುವುದರಿಂದ ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಒಳಗಿನ ಕಾಯಿ ಮೊದಲು ಕೊಳೆಯುತ್ತದೆ.